ಒಡಹುಟ್ಟಿದವರ ಡಿಎನ್‌ಎ ಫಲಿತಾಂಶದಲ್ಲಿ ವ್ಯತ್ಯಾಸ, ಪಟ್ಟಿಯಲ್ಲಿ ಅಪರಿಚಿತ ಸಂಬಂಧಿ: ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ:
ನಮ್ಮ ತಂದೆಯವರ ಕಡೆಯ ವಂಶವೃಕ್ಷ ಅಜ್ಜನವರೆಗೆ ಬಂದು ನಿಂತುಬಿಟ್ಟಿದೆ. ಅಜ್ಜನ ಹೆತ್ತವರು ಯಾರೆಂಬುದಕ್ಕೆ ದಾಖಲೆಯಿಲ್ಲ. ತಂದೆಯವರು ತೀರಿಕೊಂಡಿದ್ದಾರೆ, ಬದುಕಿರುವ ಸೋದರತ್ತೆಗೂ ಅದು ತಿಳಿದಿಲ್ಲ. ಹೀಗಾಗಿ ನಾನು ಮತ್ತು ನನ್ನ ತಂಗಿ ಮನೆಯಿಂದಲೇ ಎಂಜಲಿನ ಮಾದರಿ ಕಳುಹಿಸಿ ಪರೀಕ್ಷೆ ಮಾಡಿಸಿದೆವು. ಅಣ್ಣತಂಗಿಯರಾದರೂ ನಮ್ಮ ಮೂಲಪ್ರದೇಶಗಳ ಶೇಕಡಾವಾರು ಲೆಕ್ಕ ಬೇರೆ ಬೇರೆ ಬಂದಿದೆ. ಅದಕ್ಕಿಂತ ಹೆಚ್ಚಾಗಿ, ನನ್ನೊಡನೆ 870 ಸೆಂಟಿಮಾರ್ಗನ್ (ಇಬ್ಬರಲ್ಲಿ ಸಮಾನವಾಗಿರುವ ಡಿಎನ್‌ಎಯನ್ನು ಅಳೆಯುವ ಮಾನ) ಹೊಂದಿಕೆಯಾಗುವ ಅಪರಿಚಿತರೊಬ್ಬರನ್ನು ಕಂಪನಿಯು ‘ಫಸ್ಟ್ ಕಸಿನ್’ ಎಂದು ತೋರಿಸುತ್ತಿದೆ. ಪರೀಕ್ಷೆ ಮಾಡಿಸಿರುವ ಚಿಕ್ಕಮ್ಮನ (ತಾಯಿಯ ತಂಗಿಯ) ಹೊಂದಿಕೆಗಳ ಪಟ್ಟಿಯಲ್ಲಿ ಅವರಿಲ್ಲ, ಹಾಗಾಗಿ ಅವರು ತಂದೆಯವರ ಕಡೆಯವರೇ ಇರಬೇಕು. ತಂದೆಯವರ ಒಡಹುಟ್ಟಿದವರ ಮಕ್ಕಳೆಲ್ಲರನ್ನೂ ನಾನು ಬಲ್ಲೆ. ಹಾಗಾದರೆ ಇವರು ಯಾರಿರಬಹುದು?

ಉತ್ತರ 1:
ಶೇಕಡಾವಾರು ವ್ಯತ್ಯಾಸಕ್ಕೆ ದಯವಿಟ್ಟು ಕಳವಳಪಡಬೇಡಿ. ಪ್ರತಿ ಮಗುವಿಗೂ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಡಿಎನ್‌ಎ ಬರುತ್ತದೆಯಾದರೂ, ಯಾವ ಅರ್ಧ ಎಂಬುದು ಮಗುವಿನಿಂದ ಮಗುವಿಗೆ ಬದಲಾಗುತ್ತದೆ. ಮೇಲಾಗಿ ಮೂಲಪ್ರದೇಶದ ಲೆಕ್ಕವೆಂಬುದು, ಕಂಪನಿಯ ಬಳಿಯಿರುವ ಇಂದಿನ ಜನರ ಮಾದರಿಗಳೊಡನೆ ಹೋಲಿಸಿ ಮಾಡಿದ ಅಂದಾಜು; ಆ ಮಾದರಿಗಳ ಸಂಗ್ರಹ ಹಿಗ್ಗಿದಾಗ ನಿಮ್ಮ ಲೆಕ್ಕವೂ ಬದಲಾಗುತ್ತದೆ. ನೀವು ನೋಡಬೇಕಾದದ್ದು ನಿಮ್ಮಿಬ್ಬರ ನಡುವಿನ ಹೊಂದಿಕೆಯನ್ನು. ಅದು 2,600 ಸೆಂಟಿಮಾರ್ಗನ್ ಆಸುಪಾಸಿನಲ್ಲಿದ್ದರೆ ನೀವು ಒಂದೇ ತಂದೆತಾಯಿಯ ಮಕ್ಕಳು. ಹೆತ್ತವರಲ್ಲಿ ಒಬ್ಬರು ಮಾತ್ರ ಸಮಾನವಾಗಿದ್ದರೆ ಅದು 1,750ರ ಸುತ್ತ ಬರುತ್ತಿತ್ತು.

ಉತ್ತರ 2:
ಕಂಪನಿ ಕೊಟ್ಟ ಸಂಬಂಧದ ಹೆಸರನ್ನು ವಂಶವೃಕ್ಷಕ್ಕೆ ಹಾಗೆಯೇ ಇಳಿಸಬೇಡಿ. 870 ಎಂಬುದು ಚಿಕ್ಕಪ್ಪ, ದೊಡ್ಡಪ್ಪ ಅಥವಾ ಸೋದರತ್ತೆಯ ಮಕ್ಕಳಿಗೆ ಹೊಂದುವ ಅಂಕಿಯೇ ಹೌದು. ಆದರೆ ಅಜ್ಜನ ಒಡಹುಟ್ಟಿದವರಿಗೂ, ಅಜ್ಜನಿಗೆ ಬೇರೊಂದು ಸಂಬಂಧದಲ್ಲಿ ಹುಟ್ಟಿದ ಮಗ ಅಥವಾ ಮಗಳಿಗೂ ಅದೇ ಸರಾಸರಿ ಹೊಂದುತ್ತದೆ. ಮೊದಲು ಆ ವ್ಯಕ್ತಿಯ ವಯಸ್ಸು ತಿಳಿದುಕೊಳ್ಳಿ. ಎಷ್ಟೋ ಸಾಧ್ಯತೆಗಳು ಅಲ್ಲಿಯೇ ಬಿದ್ದುಹೋಗುತ್ತವೆ. ತಲೆಮಾರುಗಳಿಂದ ರಕ್ತಸಂಬಂಧದೊಳಗೇ ಮದುವೆಗಳು ನಡೆದಿದ್ದರೆ ಅಂಕಿ ಹೆಚ್ಚಾಗಿ ಬಂದು, ದೂರದವರೂ ಹತ್ತಿರದವರಂತೆ ಕಾಣುತ್ತಾರೆ ಎಂಬುದೂ ಗಮನದಲ್ಲಿರಲಿ.

ಇನ್ನು ನಿಮ್ಮ ಮೂಲಪ್ರಶ್ನೆಗೆ ಅತ್ಯಂತ ಬೆಲೆಯುಳ್ಳ ಮಾದರಿ ನಿಮ್ಮದಲ್ಲ, ನಿಮ್ಮ ಸೋದರತ್ತೆಯವರದು. ಅವರಲ್ಲಿ ಅಜ್ಜನ ಡಿಎನ್‌ಎಯ ಅರ್ಧ ಭಾಗವಿದೆ. ನಿಮ್ಮಲ್ಲಿರುವುದು ಸರಾಸರಿ ಕಾಲು ಭಾಗ. ಅಜ್ಜನ ಎಕ್ಸ್ ವರ್ಣತಂತು ಅವರ ತಾಯಿಯಿಂದಲೇ ಬಂದದ್ದು. ಅದು ಮಗಳಾದ ಅತ್ತೆಯವರಿಗೆ ಇಡಿಯಾಗಿ ಇಳಿದಿದೆ, ಮಗನಾದ ನಿಮ್ಮ ತಂದೆಯವರಿಗೆ ಇಳಿದಿಲ್ಲ. ಅಜ್ಜನ ತಾಯಿಯ ಕಡೆಯ ಸುಳಿವನ್ನು ಅಲ್ಲಿ ಹುಡುಕಬೇಕೇ ಹೊರತು ನಿಮ್ಮ ಎಕ್ಸ್‌ನಲ್ಲಿ ಅದು ಸಿಗದು. ಅಜ್ಜನ ತಂದೆಯ ಕಡೆಯದನ್ನಾದರೆ, ತಂದೆಯಿಂದ ಮಗನಿಗೆ ಇಳಿಯುವ ನಿಮ್ಮ ವೈ ವರ್ಣತಂತು ಹೇಳಬಲ್ಲದು. ಅದಕ್ಕೆ ಪ್ರತ್ಯೇಕ ವೈ-ಡಿಎನ್‌ಎ ಪರೀಕ್ಷೆ ಇದೆ. ಆ ಅಪರಿಚಿತರು ಅತ್ತೆಯವರೊಡನೆ 1,750ರಷ್ಟು ಹೊಂದಿದರೆ ಕೊಂಡಿ ಅಜ್ಜ-ಅಜ್ಜಿಯರ ಕಡೆಯಿಂದ ಬಂದಿದೆ ಎನ್ನಬಹುದು. ಅಲ್ಲಿಯೂ 870ರ ಆಸುಪಾಸಿನಲ್ಲೇ ನಿಂತರೆ, ಅವರು ನಿಮ್ಮ ತಂದೆಯವರಿಗೆ ಬೇರೆ ಸಂಬಂಧದಲ್ಲಿ ಹುಟ್ಟಿದವರ ಮಗುವಾಗಿರುವ ಸಾಧ್ಯತೆಯನ್ನೂ ಪರಿಗಣಿಸಬೇಕಾಗುತ್ತದೆ.

ಉತ್ತರ 3:
ಮೇಲಿನ ಕೊನೆಯ ವಾಕ್ಯವನ್ನು ಓದಿದ ಮೇಲೆ ಇದನ್ನು ಹೇಳದಿರಲಾರೆ. ಇಂಥ ಉತ್ತರಗಳು ಬರಬಹುದೆಂಬುದನ್ನು ಮಾದರಿ ಪಡೆಯುವ ಮೊದಲೇ ಅತ್ತೆಯವರಿಗೆ ಬಿಡಿಸಿ ಹೇಳಿ, ಅವರು ಬೇಡವೆಂದರೆ ಒತ್ತಾಯಿಸಬೇಡಿ. ಫಲಿತಾಂಶ ಅವರ ತಂದೆಯ ಬದುಕಿಗೆ ಸಂಬಂಧಿಸಿದ್ದು. ಆ ಅಪರಿಚಿತರಿಗೆ ಬರೆಯುವ ಮೊದಲ ಪತ್ರದಲ್ಲಿ ನಿಮ್ಮ ಊಹೆಗಳನ್ನು ಮುಂದಿಡಬೇಡಿ. ಪರಸ್ಪರ ಹೊಂದಿಕೆ ಕಂಡುಬಂದಿದೆ, ವಂಶವೃಕ್ಷ ಹೋಲಿಸಲು ಇಷ್ಟವೇ ಎಂದು ಕೇಳಿದರೆ ಸಾಕು. ಅವರಿಗೂ ಇದು ಹೊಸ ಸುದ್ದಿಯಾಗಿರಬಹುದು.

ಮಾಹಿತಿಯ ಸುರಕ್ಷತೆಯೂ ಮುಖ್ಯ. 2023ರಲ್ಲಿ ಇಂಥ ಡಿಎನ್‌ಎ ಪರೀಕ್ಷೆ ಮಾಡುವ 23ಆಂಡ್‌ಮೀ ಕಂಪನಿಯ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿಕೆಯಾಯಿತು. ಬೇರೆಡೆ ಕದ್ದ ಪಾಸ್‌ವರ್ಡ್‌ಗಳಿಂದ ಕೆಲವು ಖಾತೆಗಳನ್ನು ತೆರೆದವರಿಗೆ ಸಂಬಂಧಿಕರ ಪಟ್ಟಿಯ ಮೂಲಕ ಉಳಿದವರ ವಿವರಗಳೂ ಸಿಕ್ಕಿದ್ದವು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿದಾಗ, ಡಿಎನ್‌ಎ ಮಾಹಿತಿ ಯಾರ ಕೈಸೇರುವುದೋ ಎಂಬ ಆತಂಕ ಗ್ರಾಹಕರಲ್ಲಿ ಹುಟ್ಟಿತು. ಆದ್ದರಿಂದ ಅತ್ತೆಯವರ ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಎರಡು ಹಂತದ ದೃಢೀಕರಣ ಹಾಕಿಸಿ, ಕಂಪನಿಯು ಮಾದರಿಯನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಅವರೇ ಉತ್ತರಿಸಲಿ.