ಕಂಪ್ರೆಸರ್‌ನ ‘ಅಟ್ಯಾಕ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮೂರಿನ ನಾಲ್ಕೈದು ಹುಡುಗರಿಗೆ ಧ್ವನಿಮುದ್ರಣ ಕಲಿಸುತ್ತಿದ್ದೇನೆ. ಸೋಬಾನೆ ಪದ, ಭಜನೆ, ತಮಟೆ ಇವೇ ನಮ್ಮ ಸರಕು. ಅವರಿಗಾಗಿ ಕನ್ನಡದಲ್ಲೇ ಒಂದು ಸಣ್ಣ ಕೈಪಿಡಿ ಬರೆಯಲು ಹೊರಟವನು ಕಂಪ್ರೆಸರ್ ಹತ್ತಿರ ಬಂದು ನಿಂತಿದ್ದೇನೆ. ಪಂಕ್ಚರ್ ಅಂಗಡಿಯ ಗಾಳಿ ಕಂಪ್ರೆಸರ್ ಅಲ್ಲ. ಜೋರು ದನಿಯನ್ನು ತಾನಾಗಿಯೇ ತಗ್ಗಿಸಿ, ಜೋರಿಗೂ ಮೆಲುದನಿಗೂ ಇರುವ ಅಂತರ ಕಡಿಮೆ ಮಾಡುವಂಥದ್ದು. ಈ ಹೆಸರು ಹೀಗೇ ಇರಲಿ. ‘ಸಂಕೋಚಕ’ ಅಂದರೆ ಫೈಲನ್ನು ಎಂಪಿ3 ಮಾಡಿ ಚಿಕ್ಕದಾಗಿಸುವುದು ಅಂದುಕೊಳ್ಳುತ್ತಾರೆ. ತೊಡಕಿರುವುದು ಅದರ ನಾಬ್‌ಗಳ ಹೆಸರಿನಲ್ಲಿ, ಅದರಲ್ಲೂ ‘ಅಟ್ಯಾಕ್’ನಲ್ಲಿ.

ದನಿ ಜೋರಾದ ಮೇಲೆ ಅದನ್ನು ಪೂರ್ತಿ ಹಿಡಿದು ತಗ್ಗಿಸಲು ಕಂಪ್ರೆಸರ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅನ್ನುವುದೇ ಅಟ್ಯಾಕ್. ಆದರೆ ತಮಟೆಗೆ ಕೋಲು ಬಿದ್ದಾಗ ಮೊದಲು ಬರುವ ಆ ‘ಟಣ್’ ಅನ್ನುವ ಚೂಪು ಸದ್ದಿಗೂ ಅಟ್ಯಾಕ್ ಅಂತಲೇ ಹೇಳುತ್ತಾರೆ. ಮೊನ್ನೆ 30 ಮಿಲಿಸೆಕೆಂಡ್ ಇದ್ದದ್ದನ್ನು 1ಕ್ಕೆ ಇಳಿಸಿ ತೋರಿಸಿದೆ. ಒಬ್ಬ ಹುಡುಗ, “ಅಟ್ಯಾಕ್ ಕಮ್ಮಿ ಮಾಡಿದ್ರೆ ಅಟ್ಯಾಕೇ ಹೋಯ್ತಲ್ಲ ಸಾರ್” ಅಂದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. 30ರಲ್ಲಿ ಆ ಚೂಪು ಸದ್ದು ದಾಟಿಹೋದ ಮೇಲೆ ಪೂರ್ತಿ ಹಿಡಿತ ಬೀಳುತ್ತದೆ. 1ರಲ್ಲಿ ಅದೇ ಮೊದಲು ಸಿಕ್ಕಿಬೀಳುತ್ತದೆ. ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಅರ್ಥ ಕೊಟ್ಟರೆ ಕಲಿಯುವವರು ಏನು ಮಾಡಬೇಕು? ‘ದಾಳಿ’ ಅಂತ ಬರೆದರೆ ಎರಡೂ ಕೆಡುತ್ತವೆ.

ಹಾಗಾಗಿ ಎರಡು ಪದ ಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ಸದ್ದಿನದಕ್ಕೆ ‘ಮೊನೆ’ ಅನ್ನೋಣವೇ? ತಮಟೆಯ ಮೊನೆ, ಮಾತಿನ ‘ಟ’ಕಾರದ ಮೊನೆ. ಹಿಡಿತ ಬೇಗ ಬಿದ್ದರೆ ಮೊನೆ ಮೊಂಡಾಗುತ್ತದೆ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಂಪ್ರೆಸರ್‌ನದಕ್ಕೆ ‘ಹಿಡಿಯುವ ಹೊತ್ತು’. ಅದರ ಜೋಡಿಯಾದ ರಿಲೀಸ್‌ಗೆ, ಅಂದರೆ ದನಿ ತಗ್ಗಿದ ಮೇಲೆ ಹಿಡಿತ ಸಡಿಲಿಸಲು ಹಿಡಿಯುವ ಸಮಯಕ್ಕೆ, ‘ಬಿಡುವ ಹೊತ್ತು’. ‘ಬಿಡುಗಡೆ’ ಅಂದರೆ ಸಿನಿಮಾ, ಜೈಲು ಇವೇ ನೆನಪಾಗುತ್ತವೆ. ಬಿಡುವ ಹೊತ್ತು ತೀರಾ ಕಡಿಮೆಯಾದರೆ ಮಾತು ಮಾತಿನ ನಡುವೆ ಫ್ಯಾನ್ ಸದ್ದು ಎದ್ದೆದ್ದು ಬರುತ್ತದಲ್ಲ, ಅದಕ್ಕೆ ನಮ್ಮ ಹುಡುಗರು ಆಗಲೇ ‘ಏದುಸಿರು’ ಅಂತ ಹೆಸರಿಟ್ಟಿದ್ದಾರೆ. ನನಗಂತೂ ತುಂಬಾ ಹಿಡಿಸಿತು.

‘ಹೊತ್ತು’ ಅಂತ ಸೇರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ‘ಅಟ್ಯಾಕ್ ಜಾಸ್ತಿ ಮಾಡು’ ಅಂದರೆ ನಿಧಾನವೋ ಬೇಗವೋ ಗೊತ್ತಾಗುವುದಿಲ್ಲ. 1967ರಲ್ಲಿ ಬಂದ ಹೆಸರಾಂತ 1176 ಕಂಪ್ರೆಸರ್‌ನಲ್ಲಿ ಈ ನಾಬನ್ನು ಬಲಕ್ಕೆ ತಿರುಗಿಸಿದಷ್ಟೂ ಹಿಡಿತ ಬೇಗವಾಗುತ್ತದೆ, 7ನೇ ಅಂಕಿಯೇ ಎಲ್ಲಕ್ಕಿಂತ ವೇಗ. ಮಿಲಿಸೆಕೆಂಡ್ ತೋರಿಸುವ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಹೊತ್ತು ಕಡಿಮೆ, ಹೊತ್ತು ಜಾಸ್ತಿ ಅಂದುಬಿಟ್ಟರೆ ಗೊಂದಲವೇ ಇಲ್ಲ. ಆದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು ಪಾಲಿಗೆ ‘ಹೊತ್ತು’ ಅನ್ನುವುದು ನಿಮ್ಮ ಕಿವಿಗೆ ಒಗ್ಗುತ್ತದೆಯೇ?

ಇನ್ನು ಥ್ರೆಶೋಲ್ಡ್. ದನಿ ಎಷ್ಟು ಮಟ್ಟ ದಾಟಿದರೆ ತಗ್ಗಿಸಬೇಕು ಅನ್ನುವ ಗೆರೆ. ‘ಮಿತಿ’ ಬೇಡ, ಅದು ದನಿ ಗೆರೆ ದಾಟದಂತೆ ತಡೆಯುವ ಲಿಮಿಟರ್‌ಗೆ ಬೇಕಾಗುತ್ತದೆ. ಇಲ್ಲಿ ದನಿ ಗೆರೆಯನ್ನು ದಾಟಿಯೇ ದಾಟುತ್ತದೆ. ‘ಹೊಸ್ತಿಲು’ ಚೆನ್ನಾಗಿದೆ, ಆದರೆ ಹೊಸ್ತಿಲನ್ನು ಯಾರೂ ಗಳಿಗೆಗೊಮ್ಮೆ ಏರಿಸಿ ಇಳಿಸುವುದಿಲ್ಲ ಅಲ್ವಾ. ನಮ್ಮ ಬಯಲುಸೀಮೆಯ ಕೆರೆ ನೋಡಿ ನನಗೆ ಹೊಳೆದದ್ದು ‘ಕೋಡಿ’. ಕೋಡಿ ಬಿದ್ದ ಮೇಲೂ ನೀರು ಏರಬಹುದು, ಆದರೆ ಮೊದಲಿನಷ್ಟು ಬೇಗ ಅಲ್ಲ. ಕಂಪ್ರೆಸರ್ ಮಾಡುವುದೂ ಅದನ್ನೇ. ಕೋಡಿಯನ್ನು ಮೈನಸ್ 20 ಡೆಸಿಬೆಲ್‌ಗೆ (ಡೆಸಿಬೆಲ್ ಅಂದರೆ ದನಿಯ ಮಟ್ಟದ ಅಳತೆ), ಕೋಡಿ ದಾಟಿದ್ದನ್ನು ಎಷ್ಟು ತಗ್ಗಿಸಬೇಕು ಅನ್ನುವ ರೇಶಿಯೋವನ್ನು 4:1ಕ್ಕೆ ಇಟ್ಟಿದ್ದೀರಿ ಅಂದುಕೊಳ್ಳಿ. ಏಟು ಮೈನಸ್ 8ಕ್ಕೆ ಬಂದರೆ ಕೋಡಿಗಿಂತ 12 ಮೇಲೆ. ಹೊರಬರುವುದು ಅದರ ಕಾಲುಭಾಗ, 3 ಮಾತ್ರ. ಅಂದರೆ ಮೈನಸ್ 17.

ರೇಶಿಯೋಗೆ ಶಾಲೆಯ ‘ಅನುಪಾತ’ ಸಾಕು. ಇಂಗ್ಲಿಷಿನ ‘ನೀ’ (knee) ಅನ್ನುವುದಕ್ಕೆ ಮಂಡಿ ಬೇಡ, ‘ಬಾಗು’ ಅನ್ನಬಹುದು, ಕೋಡಿಯ ಹತ್ತಿರ ತಗ್ಗಿಸುವಿಕೆಯ ಗೆರೆ ಬಾಗುವುದನ್ನೇ ಅದು ಹೇಳುವುದು. ಮೇಕಪ್ ಗೇನ್ ಅಂದ ಕೂಡಲೇ ಹುಡುಗರಿಗೆ ಬಣ್ಣ ಹಚ್ಚುವುದು ನೆನಪಾಗುತ್ತದೆ. ತಗ್ಗಿದ್ದನ್ನು ಮತ್ತೆ ತುಂಬಿಕೊಡುವ ಕೆಲಸ ಅದು, ‘ಭರ್ತಿ’ ಅಂತ ಬರೆದಿದ್ದೇನೆ.

ಕರಾವಳಿಯವರು ದಯವಿಟ್ಟು ಒಂದು ಮಾತು ತಿಳಿಸಿ. ಕುಂದಾಪುರದ ಹತ್ತಿರ ಕಡಲ ದಂಡೆಯ ಊರಿಗೇ ಕೋಡಿ ಅಂತ ಹೆಸರಿದೆ. ನಿಮಗೆ ‘ಕೋಡಿ’ ಅಂದರೆ ತುದಿ ಅನಿಸುತ್ತದೆಯೋ, ಕೆರೆ ತುಂಬಿ ಹರಿಯುವ ಜಾಗ ಅನಿಸುತ್ತದೆಯೋ? ತುದಿ ಅನಿಸುವುದಾದರೆ ನಾನು ಹೊಸ್ತಿಲಿಗೇ ಹಿಂದಿರುಗುತ್ತೇನೆ. ‘ಮೊನೆ’ಯನ್ನು ಮಾತ್ರ ಬಿಡಲು ಮನಸ್ಸಿಲ್ಲ. ತಮಟೆ, ಚಂಡೆ, ಮೃದಂಗ ನುಡಿಸುವವರು ಅದಕ್ಕೆ ತಮ್ಮದೇ ಪದ ಬಳಸುತ್ತಿದ್ದರೆ ಅದನ್ನೇ ಬರೆದುಕೊಳ್ಳುತ್ತೇನೆ.