ಐಸಿಯುನಲ್ಲಿ ಬರುವ ಕೈಕಾಲಿನ ‘ವೀಕ್‌ನೆಸ್’ಗೆ ಯಾವ ಪದ?

ಶಿವಮೊಗ್ಗ ಕಡೆಯ ಐಸಿಯು ರೋಗಿಗಳ ಮನೆಯವರಿಗಾಗಿ ಒಂದು ಪುಟದ ಕೈಪತ್ರ ಸಿದ್ಧವಾಗುತ್ತಿದೆ, ಒಂದು ಪದಕ್ಕೆ ಸಿಕ್ಕಿಕೊಂಡಿದೆ. ಸೋಂಕು ಮೈಯೆಲ್ಲ ಹರಡಿ ದಿನಗಟ್ಟಲೆ ವೆಂಟಿಲೇಟರ್ ಮೇಲಿದ್ದವರಲ್ಲಿ, ಮೂಲ ಕಾಯಿಲೆ ಇಳಿದ ಮೇಲೂ ಎರಡೂ ಕೈ, ಎರಡೂ ಕಾಲು ಎತ್ತಲಾಗುವುದಿಲ್ಲ. ಕೆಲವರಲ್ಲಿ ನರ ಕೆಟ್ಟಿರುತ್ತದೆ, ಕೆಲವರಲ್ಲಿ ಸ್ನಾಯು, ಹಲವರಲ್ಲಿ ಎರಡೂ. ಉಸಿರಾಟದ ಸ್ನಾಯುವೂ ಸೋತರೆ ವೆಂಟಿಲೇಟರ್ ಬಿಡಿಸುವುದು ತಡವಾಗುತ್ತದೆ.

‘ಲಕ್ವ’ ಎಂದರೆ ಜನ ಒಂದು ಪಕ್ಕ ಬಿದ್ದುಹೋದದ್ದು ಎಂದೇ ತಿಳಿಯುತ್ತಾರೆ. ಇಲ್ಲಿ ಎರಡೂ ಪಕ್ಕ ಸಮ, ಮುಖ ಸಾಮಾನ್ಯವಾಗಿ ಸರಿಯಿರುತ್ತದೆ. ‘ನರದೌರ್ಬಲ್ಯ’ವನ್ನು ಗೋಡೆಬರಹದ ಗುಪ್ತರೋಗ ವೈದ್ಯರು ಯಾವತ್ತೋ ಬರೆಸಿಕೊಂಡಿದ್ದಾರೆ, ಮಗಳ ಮುಂದೆ ಅಪ್ಪನ ಬಗ್ಗೆ ಆ ಮಾತು ಆಡುವಂತಿಲ್ಲ. ಎಲ್ಲಕ್ಕಿಂತ ತೊಂದರೆಯದು ‘ಸುಸ್ತು’. ಸುಸ್ತು ಎಂದೊಡನೆ ಮನೆಯವರು ‘ಮಲಗಿರಲಿ ಬಿಡಿ, ಒಂದು ಗ್ಲುಕೋಸ್ ಹಾಕಿ’ ಅನ್ನುತ್ತಾರೆ. ಮಲಗಿಯೇ ಇರುವುದು, ರಕ್ತದ ಸಕ್ಕರೆ ಏರುವುದು, ಎರಡೂ ಈ ತೊಂದರೆಗೆ ದಾರಿ. ಸಕ್ಕರೆಯನ್ನು (ಡೆಸಿಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ) 180ರೊಳಗೆ ಇಡುತ್ತಾರೆ. ಇನ್ನೂ ಬಿಗಿಯಾಗಿ 81–108ಕ್ಕೆ ಇಳಿಸಿದಾಗ ಸಾವು ಹೆಚ್ಚಿತೆಂದು ಐಸಿಯು ರೋಗಿಗಳ ಮೇಲಿನ 2009ರ ನೈಸ್-ಶುಗರ್ ಅಧ್ಯಯನ ತೋರಿಸಿತು.

ಪದ ಯಾವುದೇ ಆಗಲಿ, ನಮ್ಮ ಕಡೆ ಕಾಣುವ ಬೇರೆರಡು ಸ್ಥಿತಿಗಳನ್ನು ಅದು ನುಂಗಬಾರದು. ಕೀಟನಾಶಕ ಕುಡಿದವರಿಗೆ ಒಂದರಿಂದ ನಾಲ್ಕು ದಿನದೊಳಗೆ ಕತ್ತು ಎತ್ತಲಾಗದೆ ಹೋಗುವುದು, ಕಟ್ಟುಹಾವು ಕಚ್ಚಿದವರ ರೆಪ್ಪೆ ಜೋಲುವುದು ಇದಲ್ಲ.

ಇನ್ನೊಂದು ತೊಡಕು ‘ವ್ಯಾಯಾಮ’ ಎಂಬ ಪದ. ಇಲ್ಲಿ ಮೊದಲು ಬಲ ಅಳೆದು, ಆಮೇಲೆ ಹಂತಹಂತವಾಗಿ ಕೈಕಾಲಿಗೆ ಚಲನೆ ಕೊಡುತ್ತಾರೆ. ಮಂಪರು ಔಷಧಿಯನ್ನು ಆದಷ್ಟು ಕಡಿಮೆ ಇಟ್ಟು, ಸಾಧ್ಯವಾದರೆ ದಿನಕ್ಕೊಮ್ಮೆ ನಿಲ್ಲಿಸಿ, ರೋಗಿ ಎಚ್ಚರಗೊಂಡು ಹೇಳಿದ ಮಾತು ಕೇಳಿದರೆ ಮಾತ್ರ ಬಲ ಅಳೆಯಲು ಬರುತ್ತದೆ. ಅಳೆಯುವ ಜಾಗ: ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದದ ಗಂಟು. ಎರಡೂ ಕಡೆ ಸೇರಿ 12, ಒಂದೊಂದಕ್ಕೆ 0ಯಿಂದ 5 ಅಂಕ. ಒಟ್ಟು 60ರಲ್ಲಿ 48ಕ್ಕಿಂತ ಕಡಿಮೆಯಾದರೆ ಬಲ ಕುಂದಿದೆ ಎಂದರ್ಥ. ಆಮೇಲೆ ಹಾಸಿಗೆಯಲ್ಲೇ ಕಾಲು ಮಡಿಸುವುದು, ಅಂಚಿನಲ್ಲಿ ಕೂರುವುದು, ನಿಲ್ಲುವುದು, ಕುರ್ಚಿಗೆ ಬರುವುದು. ನಡುವೆ ರಕ್ತದ ಆಕ್ಸಿಜನ್ ಮಟ್ಟ ಶೇ. 88ಕ್ಕಿಂತ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಹೆಚ್ಚು ಮಾಡಿದಷ್ಟೂ ಒಳ್ಳೆಯದು ಅಂತಲೂ ಇಲ್ಲ: ವೆಂಟಿಲೇಟರ್ ರೋಗಿಗಳ ಮೇಲೆ ನಡೆದ 2022ರ ‘ಟೀಮ್’ ಎಂಬ ಪ್ರಯೋಗದಲ್ಲಿ ಜಾಸ್ತಿ ಎಬ್ಬಿಸಿದ ಗುಂಪಿಗೆ ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು.

ಹಾಗಾಗಿ ‘ವ್ಯಾಯಾಮ’ದ ಬದಲು ನನ್ನ ಮತ, ಕೈಕಾಲಿನ ಚಲನೆಯ ಅರ್ಥದಲ್ಲಿ, ‘ಆಡಿಸುವುದು’, ‘ಆಡುವುದು’ ಎಂಬ ಜೋಡಿಗೆ. ಬೇರೆಯವರು ಆಡಿಸಿದರೆ ಕೀಲು ಬಿಗಿಯದೆ ಉಳಿದೀತು. ಬಲ ಬರಬೇಕಾದರೆ ರೋಗಿ ತಾನೇ ಆಡಬೇಕು. ಎಣ್ಣೆ ತಿಕ್ಕುವುದು ಎರಡೂ ಅಲ್ಲ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಜೋರಾಗಿ ತಿಕ್ಕುವುದು ಅಪಾಯವೇ. ಮನೆಯವರು ಗಮನಿಸಬಹುದಾದ್ದು ಕಾಲಿನ ಭಂಗಿ: ಕಾಲು ಹೊರಕ್ಕೆ ಹೊರಳಿದರೆ ಮಂಡಿಯ ಹೊರಬದಿ, ತುಸು ಕೆಳಗೆ, ಎಲುಬಿನ ಗುಬುಟು ಸುತ್ತಿ ಬರುವ ನರ ಹಾಸಿಗೆಗೆ ಒತ್ತಿ ಪಾದ ಜೋತುಬೀಳುತ್ತದೆ. ತೊಡೆಯ ಹೊರಬದಿಗೆ ಟವೆಲ್ ಸುರುಳಿ ಇಟ್ಟು ಕಾಲ್ಬೆರಳು ಮೇಲ್ಮುಖವಾಗಿರುವಂತೆ ನೋಡಿಕೊಳ್ಳಬೇಕು.

ಸದ್ಯಕ್ಕೆ ‘ತ್ರಾಣಗುಂದು’ ಎಂದು ಬರೆದಿದ್ದೇವೆ. ‘ಕೈಯಲ್ಲಿ ತ್ರಾಣ ಇಲ್ಲ’ ಎಂಬ ಮಾತು ಇದೆ, ಹೋದ ತ್ರಾಣ ಮರಳುತ್ತದೆ ಎಂಬ ಅರ್ಥವೂ ಅದರಲ್ಲಿದೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದವರ ಬಾಯಲ್ಲಿ ‘ತ್ರಾಣ’ ಬರೀ ಸುಸ್ತಿನ ಕಡೆಗೇ ವಾಲುತ್ತದೆಯೇ? ಹಾಗಿದ್ದರೆ ‘ಕಸುವು’ ವಾಸಿಯೇ? ಬಳಕೆಯ ವಾಕ್ಯದ ಸಮೇತ ತಿಳಿಸಿ.