ರಾಜಿಯಾದ ಹಳೇ 323 ಕೇಸ್: ಬಿಜಿವಿ (ಕೆಲಸಕ್ಕೆ ಸೇರುವವರ ಹಿನ್ನೆಲೆ ಪರಿಶೀಲನೆ) ಫಾರ್ಮ್‌ನಲ್ಲಿ ಏನು ತುಂಬಬೇಕು?

ಮಲ್ನಾಡ್_27:
2017ರ ಗಣಪತಿ ಮೆರವಣಿಗೆ ಗಲಾಟೆಯಲ್ಲಿ ಐಪಿಸಿ 323 (ಹೊಡೆದು ನೋವು ಮಾಡಿದ್ದು), 504 (ಕೆಣಕುವಂತೆ ಅವಮಾನಿಸಿದ್ದು), 506 (ಬೆದರಿಕೆ) ಜೊತೆಗೆ 34 (ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು) ಅಂತ ಕೇಸ್. ನಾನು ಎ3, ಅಂದರೆ ಮೂರನೇ ಆರೋಪಿ. 2019ರ ಲೋಕ ಅದಾಲತ್‌ನಲ್ಲಿ ರಾಜಿ ಆಯ್ತು. ಈಗ ಬೆಂಗಳೂರಿನ ಕಂಪನಿಯೊಂದರ ಆಫರ್ ಇದೆ, ಗ್ರೂಪ್ ಸಿ ಹುದ್ದೆಯೊಂದಕ್ಕೂ ಅರ್ಜಿ ಹಾಕಿದ್ದೇನೆ. ಎರಡೂ ಕಡೆ "ಇಲ್ಲ" ಅನ್ನಬಹುದಾ? ಏಳು ವರ್ಷ ದಾಟಿದ್ದನ್ನು ನೋಡಲ್ಲ ಅಂತಾರಲ್ಲ?

ವಕಾಲತ್ತು:
ಆ ಏಳು ವರ್ಷದ ಲೆಕ್ಕ ಅಮೆರಿಕದ್ದು, ನಮ್ಮಲ್ಲಿ ಅಂಥ ನಿಯಮ ಇಲ್ಲ.

ಎರಡು ಫಾರ್ಮ್‌ಗೂ ಒಂದೇ ಉತ್ತರ ಆಗಲ್ಲ ಸರ್. "ಶಿಕ್ಷೆಯಾಗಿದೆಯೇ" ಅಂತಷ್ಟೇ ಕೇಳಿದ್ದರೆ "ಇಲ್ಲ" ಅನ್ನಿ, ಅದು ನಿಜ. ರಾಜಿಯಾದ ಕೇಸ್ ಆಗ ಜಾರಿಯಲ್ಲಿದ್ದ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 320(8)ರ ಪ್ರಕಾರ ಖುಲಾಸೆಗೆ ಸಮ. "ಎಂದಾದರೂ ಎಫ್‌ಐಆರ್, ಬಂಧನ, ಮೊಕದ್ದಮೆ" ಅಂತಿದ್ದರೆ "ಹೌದು" ಬರೆದು ಕ್ರೈಂ ನಂಬರ್ (ಠಾಣೆಯ ಎಫ್‌ಐಆರ್ ನಂಬರ್), ಸಿಸಿ ನಂಬರ್ (ಕೋರ್ಟಿನ ಕೇಸ್ ನಂಬರ್), ಮುಗಿದ ದಿನಾಂಕ ಕೊಡಿ. ಸರ್ಕಾರಿ ದೃಢೀಕರಣ ನಮೂನೆಯಲ್ಲಿ ಸಾಮಾನ್ಯವಾಗಿ ಇದೆಲ್ಲವನ್ನೂ ಕೇಳಿರುತ್ತಾರೆ. ಅಲ್ಲಿ ಕೇಸಿಗಿಂತ ಮುಚ್ಚಿಟ್ಟಿದ್ದೇ ದೊಡ್ಡ ತಪ್ಪಾಗುತ್ತದೆ. ಅವತಾರ್ ಸಿಂಗ್ ತೀರ್ಪಿನಲ್ಲಿ (2016) ಸುಪ್ರೀಂ ಕೋರ್ಟ್ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ನೇಮಕಾತಿ ಪ್ರಾಧಿಕಾರ ಮನ್ನಿಸಬಹುದು ಎಂದಿದೆ. ಆದರೆ ಅದು ಅವರ ವಿವೇಚನೆ. ನಿಜ ಹೇಳಿದವನಿಗೂ ಕೆಲಸ ಕೊಡಲೇಬೇಕು ಅಂತ ಹೇಳಿಲ್ಲ.

ಬಿಜಿವಿ_ಡೆಸ್ಕ್:
ಖಾಸಗಿ ಏಜೆನ್ಸಿಗಳು ಹೆಚ್ಚಾಗಿ ನೋಡೋದು ಕೋರ್ಟ್ ದಾಖಲೆ. ಹೆಸರು, ತಂದೆ ಹೆಸರು, ವಿಳಾಸ ತಾಳೆ ಹಾಕುತ್ತಾರೆ. ಅವರಿಗಿಂತ ಮೊದಲು ನೀವೇ ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಠಾಣೆ, ಎಫ್‌ಐಆರ್ ನಂಬರ್, ವರ್ಷ ಹಾಕಿ ನೋಡಿ. ಸ್ಥಿತಿ "ಡಿಸ್ಪೋಸ್ಡ್" (ಇತ್ಯರ್ಥವಾಗಿದೆ) ಅಂತ ಇರಬೇಕು. ಹೆಸರಿನಿಂದಲೂ ಹುಡುಕಿ. ಉದಾಹರಣೆಗೆ ಮಂಜುನಾಥ ಅನ್ನೋ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಎಲ್ಲವನ್ನೂ ಹಾಕಿ.

ಅದೇ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟು ಅಂತಿಮ ಆದೇಶ ಮತ್ತು ರಾಜಿ ಅರ್ಜಿಯ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಿ. ಪೊಲೀಸ್ ವೆರಿಫಿಕೇಷನ್‌ಗೂ ಇದೇ ಬೇಕು. ಕೋರ್ಟಿನಲ್ಲಿ ಮುಗಿದಿದ್ದು ಠಾಣೆಯ ರಿಜಿಸ್ಟರಿಗೆ ಏರದೇ ಉಳಿದಿರುವುದು ಅಪರೂಪವೇನಲ್ಲ.

ವಕಾಲತ್ತು:
ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಕರ್ನಾಟಕ ಪೊಲೀಸ್ ಕಾಯ್ದೆ 87ರ ಜೂಜು, ಮೋಟಾರು ವಾಹನ ಕಾಯ್ದೆ 185ರ ಕುಡಿದು ಗಾಡಿ ಓಡಿಸಿದ ಕೇಸ್, ಇವುಗಳಲ್ಲಿ "ದಂಡ ಕಟ್ಟಿ ಮುಗಿಸಿದೆ" ಅಂತಾರೆ. ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟಿದರೆ ಅದು ಶಿಕ್ಷೆಯೇ! ಅಲ್ಲಿ "ಶಿಕ್ಷೆಯಾಗಿಲ್ಲ" ಅಂತ ಬರೆದರೆ ಸುಳ್ಳಾಗುತ್ತೆ. ಫಾರ್ಮ್ ತುಂಬುವಾಗ ಜನ ಎಡವೋದು 323ಕ್ಕಿಂತ ಇದರಲ್ಲೇ ಜಾಸ್ತಿ.

ಬಿಜಿವಿ_ಡೆಸ್ಕ್:
ಮಲ್ನಾಡ್, ಅದಾಲತ್‌ಗೆ ಎಲ್ಲ ಆರೋಪಿಗಳೂ ಬಂದಿದ್ದರಾ? ಗೈರಾದವರ ಕೇಸ್ ಸ್ಪ್ಲಿಟ್ ಆಗಿ (ಬೇರ್ಪಟ್ಟು) ಬೇರೆ ಸಿಸಿ ನಂಬರ್‌ನಲ್ಲಿ ವಾರಂಟ್ ಸಮೇತ ಬಾಕಿ ಇರಬಹುದು. ಎಫ್‌ಐಆರ್ ನಂಬರ್ ಹಾಕಿದಾಗ ಅದೂ ತೆರೆದುಕೊಳ್ಳುತ್ತದೆ, ಏಜೆನ್ಸಿ "ಪೆಂಡಿಂಗ್" ಅಂತ ಕೆಂಪು ಗುರುತು ಹಾಕಿಬಿಡುತ್ತದೆ. ಹಾಗಿದ್ದರೆ ಎ3 ಹೆಸರು ಮುಗಿದ ಸಿಸಿಯಲ್ಲೇ ಇದೆ ಅಂತ ತೋರಿಸುವ ಆರ್ಡರ್ ಶೀಟ್ (ಕೋರ್ಟಿನ ನಡಾವಳಿ ಹಾಳೆ) ಪ್ರತಿಯನ್ನೂ ಅದೇ ಅರ್ಜಿಯಲ್ಲಿ ಕೇಳಿ.